ಪರೀಕ್ಷೆ ಹೇಳಿಕೊಡುವ ಓದು

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮಾಮೂಲಿ ಥಿಯರಿ ಪ್ರಶ್ನೆಪತ್ರಿಕೆಯೊಂದನ್ನು ಮುಂದಿಟ್ಟುಕೊಂಡು ನೋಡಿ. ಐದು ಮಾಡ್ಯೂಲ್, ಒಂದೊಂದಕ್ಕೆ 20 ಅಂಕ. ಪ್ರತಿ ಮಾಡ್ಯೂಲಿಗೂ ಎರಡೆರಡು ಪೂರ್ಣ ಪ್ರಶ್ನೆ, ನಡುವೆ ‘ಅಥವಾ’ ಎಂಬ ಒಂಟಿ ಪದ; ಎರಡರಲ್ಲಿ ಒಂದನ್ನು ಬರೆದರೆ ಸಾಕು. ಯಾವ ಮಾಡ್ಯೂಲನ್ನೂ ಪೂರ್ತಿ ಕೈಬಿಟ್ಟು ಒಳ್ಳೆಯ ಅಂಕ ಗಿಟ್ಟಿಸುವುದು ಇದರಿಂದ ಕಷ್ಟವಾಗುತ್ತದೆ. ಆದರೆ ಬರೆಯುವವರ ಕಡೆಯಿಂದ ನೋಡಿದರೆ ಇದೇ ಪತ್ರಿಕೆ ಬೇರೆ ಲೆಕ್ಕ ಹೇಳುತ್ತದೆ. ಪಾಸಿಗೆ ಬೇಕಾದದ್ದು ನೂರಕ್ಕೆ ನಲವತ್ತರ ಆಸುಪಾಸು. ಎರಡು ಮಾಡ್ಯೂಲನ್ನು ಗಟ್ಟಿ ಮಾಡಿಕೊಂಡು, ಮೂರನೆಯದರಲ್ಲಿ ಒಂದು ಡೆರಿವೇಷನ್ ಕೈಯಲ್ಲಿಟ್ಟುಕೊಂಡರೆ ದಡ ಸೇರಬಹುದು. ಹಿಂದಿನ ನಾಲ್ಕೈದು ಸೆಮಿಸ್ಟರಿನ ಪತ್ರಿಕೆಗಳನ್ನು ಅಕ್ಕಪಕ್ಕ ಹರಡಿದರೆ ಯಾವ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಯಾವುದು ಒಂದು ಬಿಟ್ಟು ಒಂದು ಸಲ ಬರುತ್ತದೆ ಎಂಬುದೂ ಹೊಳೆಯುತ್ತದೆ. ಕಾಲೇಜಿನ ಎದುರಿನ ಕ್ಸೆರಾಕ್ಸ್ ಅಂಗಡಿಯಲ್ಲಿ ಸಿಗುವ ‘ಇಂಪಾರ್ಟೆಂಟ್ ಕ್ವೆಶ್ಚನ್ಸ್’ ಎಂಬ ನಾಲ್ಕು ಹಾಳೆಯ ಕಟ್ಟು ಇಂಥ ಸಂಶೋಧನೆಯ ಫಲವೇ. ಗುರಿ ಗೊತ್ತುಮಾಡಿಕೊಳ್ಳುವುದು, ಇರುವ ದಿನಗಳನ್ನು ಹಂಚುವುದು, ದಾರಿ ಆರಿಸುವುದು, ಎಷ್ಟು ಮುಗಿಯಿತು ಎಂದು ಆಗಾಗ ಲೆಕ್ಕ ಹಾಕುವುದು, ಇಂಟರ್ನಲ್ಸ್‌ನಲ್ಲಿ ಅಂಕ ಕಡಿಮೆಯಾದರೆ ಯೋಜನೆ ಬದಲಿಸುವುದು, ಇಷ್ಟನ್ನೂ ನಮ್ಮ ವಿದ್ಯಾರ್ಥಿಗಳು ಯಾರೂ ಹೇಳಿಕೊಡದೆ ಮಾಡುತ್ತಾರೆ.

ಮನೋವಿಜ್ಞಾನಿಗಳು ಸ್ವನಿಯಂತ್ರಿತ ಕಲಿಕೆ ಎಂದು ಕರೆಯುವುದರ ಪಟ್ಟಿಯೂ ಹೆಚ್ಚುಕಡಿಮೆ ಇದೇ. ಈ ಕ್ಷೇತ್ರದಲ್ಲಿ ದಶಕಗಳ ಕಾಲ ಕೆಲಸ ಮಾಡಿದ ಅಮೆರಿಕದ ಬ್ಯಾರಿ ಜಿಮ್ಮರ್‌ಮನ್ ಅದನ್ನು ಮೂರು ಹಂತಗಳ ಚಕ್ರವಾಗಿ ವಿವರಿಸಿದರು: ಓದಿಗೆ ಕೂರುವ ಮುನ್ನ ಗುರಿ ಮತ್ತು ಯೋಜನೆ, ಓದುತ್ತಿರುವಾಗ ತನ್ನ ಮೇಲೆ ತಾನೇ ಇಡುವ ಕಣ್ಣು, ಮುಗಿದ ಮೇಲೆ ಆದದ್ದರ ವಿಮರ್ಶೆ, ಆ ವಿಮರ್ಶೆಯಿಂದ ಮತ್ತೆ ಹೊಸ ಗುರಿ. ಹಾಗಾದರೆ ‘ಈಗಿನ ಹುಡುಗರಿಗೆ ಸ್ವಂತವಾಗಿ ಕಲಿಯುವುದು ಗೊತ್ತಿಲ್ಲ’ ಎಂದು ಸ್ಟಾಫ್ ರೂಮುಗಳಲ್ಲಿ ಕೇಳಿಬರುವ ದೂರು ಸರಿಯಲ್ಲ. ಅವರು ತಮ್ಮ ಓದನ್ನು ಚೆನ್ನಾಗಿಯೇ ನಿಯಂತ್ರಿಸುತ್ತಾರೆ, ಆದರೆ ಪ್ರಶ್ನೆಪತ್ರಿಕೆ ತೋರಿಸಿದ ಗುರಿಯ ಕಡೆಗೆ. ಅವರಲ್ಲಿ ಬೆಳೆಯದೆ ಉಳಿಯುವುದು ಈ ಚಕ್ರದ ಒಂದೇ ಒಂದು ಭಾಗ: ತಾನು ಬರೆದದ್ದು, ಮಾಡಿದ್ದು, ತಿಳಿದುಕೊಂಡದ್ದು ಎಷ್ಟರ ಮಟ್ಟಿಗೆ ಸರಿ ಎಂದು ತಾನೇ ತೀರ್ಮಾನಿಸುವ ಶಕ್ತಿ. ಅದು ಬೆಳೆಯದಿರುವುದಕ್ಕೆ ಕಾರಣ ಸೋಮಾರಿತನವಲ್ಲ, ಮೊಬೈಲೂ ಅಲ್ಲ. ಆ ತೀರ್ಮಾನವನ್ನು ಉನ್ನತ ಶಿಕ್ಷಣದ ಮೌಲ್ಯಮಾಪನ ವ್ಯವಸ್ಥೆ ಪೂರ್ತಿಯಾಗಿ ಪರೀಕ್ಷಕರ ಕೈಗೆ ಕೊಟ್ಟುಬಿಟ್ಟಿದೆ. ಮಾಡಲು ಅವಕಾಶವೇ ಇಲ್ಲದ ಕೆಲಸದಲ್ಲಿ ಯಾರಿಗೂ ಪಳಗಿಕೆ ಬರುವುದಿಲ್ಲ.

ಪರೀಕ್ಷೆ ಓದಿನ ರೀತಿಯನ್ನೇ ತಿರುಗಿಸುತ್ತದೆ ಎಂಬುದಕ್ಕೆ ಅರ್ಧ ಶತಮಾನದಷ್ಟು ಹಳೆಯ ಪುರಾವೆಯಿದೆ. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಫೆರೆನ್ಸ್ ಮಾರ್ಟನ್ ಮತ್ತು ರೋಜರ್ ಸೆಲ್ಯೊ 1976ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ವಿದ್ಯಾರ್ಥಿಗಳಿಗೆ ಓದಲು ಪಠ್ಯಭಾಗಗಳನ್ನು ಕೊಟ್ಟರು. ಪ್ರತಿ ಭಾಗ ಮುಗಿದ ಮೇಲೆ ಒಂದು ಗುಂಪಿಗೆ ಕೇಳಿದ್ದು ಬಿಡಿಬಿಡಿ ವಿವರಗಳ ಪ್ರಶ್ನೆ. ಇನ್ನೊಂದು ಗುಂಪಿಗೆ ಲೇಖಕರ ವಾದದ ಎಳೆ ಏನು ಎಂಬ ಬಗೆಯ ಪ್ರಶ್ನೆ. ಕೊನೆಯ ಭಾಗಕ್ಕೆ ಬರುವ ಹೊತ್ತಿಗೆ ಮೊದಲ ಗುಂಪಿನವರು ಮೇಲುಮೇಲಿನ ಓದಿಗೆ ಇಳಿದಿದ್ದರು: ಹೆಸರು, ಸಂಖ್ಯೆ, ವಾಕ್ಯಗಳನ್ನು ನೆನಪಿಟ್ಟುಕೊಳ್ಳುವುದಷ್ಟೇ ಅವರ ಕೆಲಸವಾಗಿತ್ತು. ಇಷ್ಟು ನಿರೀಕ್ಷಿತವೇ. ಎರಡನೆಯ ಗುಂಪಿನಲ್ಲಿ ಆದದ್ದು ಹೆಚ್ಚು ಯೋಚನೆಗೆ ಹಚ್ಚುವಂಥದ್ದು. ಅವರಲ್ಲಿ ಕೆಲವರು ನಿಜವಾಗಿಯೂ ಆಳವಾಗಿ ಓದಿದರು. ಉಳಿದವರು ಕೇಳುವ ಪ್ರಶ್ನೆ ಯಾವ ನಮೂನೆಯದು ಎಂದು ಪತ್ತೆಹಚ್ಚಿ, ವಾದವನ್ನು ಅರ್ಥಮಾಡಿಕೊಳ್ಳದೆಯೇ ಸಾರಾಂಶ ಒಪ್ಪಿಸುವ ಕೈಚಳಕವನ್ನು ಕಲಿತರು. ಪ್ರಶ್ನೆಯನ್ನು ಕೆಳಮಟ್ಟಕ್ಕಿಳಿಸಿದರೆ ಓದು ಖಂಡಿತ ಕೆಳಗಿಳಿಯುತ್ತದೆ. ಮೇಲಕ್ಕೇರಿಸಿದರೆ ಓದು ಮೇಲೇರುತ್ತದೆ ಎಂಬ ಭರವಸೆ ಮಾತ್ರ ಇಲ್ಲ. ‘ಉನ್ನತ ಮಟ್ಟದ ಆಲೋಚನೆ’ಯ ಪ್ರಶ್ನೆಗಳನ್ನು ಶೇಕಡಾ ಇಷ್ಟು ಸೇರಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿ ಸುತ್ತೋಲೆ ಹೊರಡಿಸುವವರು ಈ ಎರಡನೆಯ ಫಲಿತಾಂಶದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಇದೇ ಕಾಲದಲ್ಲಿ, 1974ರಲ್ಲಿ, ಎಡಿನ್‌ಬರೊ ವಿಶ್ವವಿದ್ಯಾಲಯದ ಅಂತಿಮ ವರ್ಷದವರನ್ನು ಮಾತನಾಡಿಸಿದ ಮಿಲ್ಲರ್ ಮತ್ತು ಪಾರ್ಲೆಟ್ ಅವರಿಗೆ ಮೂರು ಬಗೆಯ ವಿದ್ಯಾರ್ಥಿಗಳು ಕಂಡರು. ಪರೀಕ್ಷೆಯಲ್ಲಿ ಏನು ಬರಬಹುದು ಎಂಬ ಸುಳಿವನ್ನು ಪ್ರಾಧ್ಯಾಪಕರ ಬಾಯಿಂದಲೇ ಹೊರಡಿಸಲು ಬೆನ್ನುಬೀಳುವವರು ಕೆಲವರು. ಸುಳಿವು ತಾನಾಗಿ ಬಿದ್ದರೆ ಹೆಕ್ಕಿಕೊಳ್ಳುವವರು ಇನ್ನು ಕೆಲವರು. ಸುಳಿವು ಎಂಬುದೊಂದಿದೆ ಎಂದೇ ಅರಿಯದೆ ಕಷ್ಟಪಟ್ಟು ಓದಿದರೆ ಸಾಕೆಂದು ನಂಬಿದವರು ಮೂರನೆಯವರು. ಡಿಗ್ರಿಯ ದರ್ಜೆಯಲ್ಲಿ ಗೆದ್ದವರು ಸುಳಿವು ಹುಡುಕಿದವರೇ. ಅವರನ್ನು ದೂರಿ ಪ್ರಯೋಜನವಿಲ್ಲ. ಅವರು ತಮ್ಮ ಸುತ್ತಲಿನ ವ್ಯವಸ್ಥೆಯನ್ನು ಸರಿಯಾಗಿ ಓದಿದ್ದರು, ವ್ಯವಸ್ಥೆಯೂ ಆ ಓದಿಗೆ ಬಹುಮಾನ ಕೊಟ್ಟಿತು. ನಮ್ಮಲ್ಲಿ ಹಾಸ್ಟೆಲಿನ ಸೀನಿಯರ್ ಯಾರೂ ಇಲ್ಲದ, ಮನೆಯಲ್ಲಿ ಡಿಗ್ರಿ ಓದಿದವರೇ ಇಲ್ಲದ ವಿದ್ಯಾರ್ಥಿಗಳು ಮೂರನೆಯ ಗುಂಪಿಗೆ ಬೀಳುವ ಸಂಭವ ಹೆಚ್ಚು ಎಂಬುದನ್ನು ಊಹಿಸಲು ಸಂಶೋಧನೆ ಬೇಕಿಲ್ಲ.

ಇಷ್ಟು ಹೇಳಿದರೆ ಪರೀಕ್ಷೆಯನ್ನೇ ತೆಗೆದುಹಾಕಬೇಕು ಎಂಬ ವಾದಕ್ಕೆ ಹೊರಟಂತೆ ಕಾಣಬಹುದು. ಪುರಾವೆ ಆ ಕಡೆಗೆ ಹೋಗುವುದಿಲ್ಲ. ಸೇಂಟ್ ಲೂಯಿಸ್‌ನ ವಾಷಿಂಗ್‌ಟನ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಬಹಳ ಮುಖ್ಯ. ಒಂದು ಗುಂಪು ಪಠ್ಯವನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದು ಸರದಿ ಓದಿ, ಉಳಿದ ಮೂರು ಸರದಿಯಲ್ಲಿ ಪುಸ್ತಕ ಮುಚ್ಚಿಟ್ಟು ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಓದಿದವರೇ ಮುಂದೆ: ಅವರಿಗೆ ಶೇ. 83ರಷ್ಟು ನೆನಪಿತ್ತು, ಬರೆದವರಿಗೆ ಶೇ. 71. ಒಂದು ವಾರ ಕಳೆದಾಗ ಲೆಕ್ಕ ತಿರುವುಮುರುವಾಯಿತು. ಓದಿದವರು ಶೇ. 40ಕ್ಕೆ ಕುಸಿದರು, ಬರೆದವರು ಶೇ. 61ರಲ್ಲಿ ನಿಂತರು. ಅಂದರೆ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದೂ ಒಂದು ಕಲಿಕೆಯೇ, ಅದೂ ಬಲವಾದ ಕಲಿಕೆ. ಈ ಪ್ರಯೋಗದ ಇನ್ನೊಂದು ವಿವರ ನಮ್ಮ ಚರ್ಚೆಗೆ ಇನ್ನೂ ಹತ್ತಿರದ್ದು. ವಾರದ ನಂತರ ಎಷ್ಟು ನೆನಪಿರುತ್ತದೆ ಎಂದು ಮೊದಲೇ ಕೇಳಿದಾಗ ಹೆಚ್ಚು ಧೈರ್ಯದಿಂದ ಉತ್ತರಿಸಿದವರು ನಾಲ್ಕು ಸರದಿ ಓದಿದವರು. ಕಣ್ಣಿಗೆ ಪರಿಚಿತವಾದದ್ದು ತಲೆಗೂ ಹತ್ತಿದೆ ಎಂಬ ಭ್ರಮೆ ಅದು. ಪರೀಕ್ಷೆಯ ಹಿಂದಿನ ರಾತ್ರಿ ನೋಟ್ಸನ್ನು ಹೈಲೈಟರಿನಲ್ಲಿ ಗೀಚುತ್ತಾ ಮತ್ತೆ ಮತ್ತೆ ತಿರುವುವವರು ಮೋಸಹೋಗುವುದು ಇಲ್ಲೇ. ಮರುದಿನ ಬೆಳಗ್ಗಿನ ಪತ್ರಿಕೆಯಲ್ಲಿ ಅವರು ಗೆದ್ದೂ ಬಿಡಬಹುದು, ಗೆದ್ದದ್ದರಿಂದಲೇ ಆ ಭ್ರಮೆ ಮುಂದಿನ ಸೆಮಿಸ್ಟರಿಗೂ ಗಟ್ಟಿಯಾಗುತ್ತದೆ.

ಹಾಗಾಗಿ ತೊಂದರೆ ಪರೀಕ್ಷೆಯಲ್ಲಿಲ್ಲ. ಪರೀಕ್ಷೆ ಮುಗಿದ ಮೇಲೆ ವಿದ್ಯಾರ್ಥಿಯ ಕೈಗೆ ಏನು ಬರುತ್ತದೆ ಎಂಬುದರಲ್ಲಿದೆ. ಬಹುತೇಕ ಬರುವುದು ಒಂದು ಸಂಖ್ಯೆ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಐದು-ಆರನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಪ್ರಯೋಗ ಶಿಕ್ಷಣಶಾಸ್ತ್ರದಲ್ಲಿ ಬಹಳ ಹೆಸರಾದದ್ದು: ಬರೀ ಟಿಪ್ಪಣಿ ಪಡೆದವರು ಮುಂದಿನ ಕೆಲಸದಲ್ಲಿ ಸುಧಾರಿಸಿದರು, ಆಸಕ್ತಿಯನ್ನೂ ಉಳಿಸಿಕೊಂಡರು. ಬರೀ ಅಂಕ ಪಡೆದವರಲ್ಲಿ ಅದು ಕಾಣಲಿಲ್ಲ; ಅಂಕ ಮತ್ತು ಟಿಪ್ಪಣಿ ಎರಡನ್ನೂ ಪಡೆದವರು ಅಂಕ ಮಾತ್ರ ಪಡೆದವರ ಸಾಲಿಗೇ ಬಿದ್ದರು. ಮಕ್ಕಳ ಮೇಲಿನ ಪ್ರಯೋಗವನ್ನು ಇಪ್ಪತ್ತು ವರ್ಷದವರಿಗೆ ಎಳೆಯಬಾರದು ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ 2009ರಲ್ಲಿ ಅನಸ್ತಾಸಿಯಾ ಲಿಪ್ನೆವಿಚ್ ಮತ್ತು ಜೆಫ್ರಿ ಸ್ಮಿತ್ ಅಮೆರಿಕದ 464 ಕಾಲೇಜು ವಿದ್ಯಾರ್ಥಿಗಳ ಪ್ರಬಂಧಗಳ ಮೇಲೆ ಇದೇ ಬಗೆಯ ಪರಿಶೀಲನೆ ನಡೆಸಿದರು. ಕರಡಿಗೆ ವಿವರವಾದ ಟಿಪ್ಪಣಿ ಸಿಕ್ಕವರ ಅಂತಿಮ ಪ್ರಬಂಧ ಚೆನ್ನಾಗಿ ಸುಧಾರಿಸಿತು. ಜೊತೆಗೆ ತಾತ್ಕಾಲಿಕ ಅಂಕವನ್ನೂ ತೋರಿಸಿದಾಗ ಆ ಸುಧಾರಣೆ ಕುಗ್ಗಿತು. ಅವ್ರಹಾಂ ಕ್ಲೂಗರ್ ಮತ್ತು ಏಂಜಲೊ ಡಿನಿಸಿ 1996ರಲ್ಲಿ ಹಿಮ್ಮಾಹಿತಿಯ ಬಗೆಗಿನ ಹಳೆಯ ಅಧ್ಯಯನಗಳಿಂದ 607 ಫಲಿತಾಂಶಗಳನ್ನು ಒಟ್ಟುಹಾಕಿ ನೋಡಿದಾಗ, ಸರಾಸರಿಯಲ್ಲಿ ಹಿಮ್ಮಾಹಿತಿಯಿಂದ ಲಾಭವೇ ಇತ್ತು; ಆದರೆ ಮೂರನೇ ಒಂದಕ್ಕಿಂತ ಹೆಚ್ಚು ಪ್ರಸಂಗಗಳಲ್ಲಿ ಅದು ಸಾಧನೆಯನ್ನು ತಗ್ಗಿಸಿತ್ತು. ಅವರ ವಿವರಣೆ ಸರಳ: ಗಮನ ಮಾಡಿದ ಕೆಲಸದ ಮೇಲೆ ನಿಂತರೆ ಹಿಮ್ಮಾಹಿತಿ ಉಪಯೋಗಕ್ಕೆ ಬರುತ್ತದೆ, ‘ನಾನು ಎಂಥವನು’ ಎಂಬ ಕಡೆಗೆ ಹರಿದರೆ ಹಾನಿ ಮಾಡುತ್ತದೆ. ಅಂಕ ಗಮನವನ್ನು ಎಳೆದೊಯ್ಯುವುದು ಆ ಎರಡನೆಯ ಕಡೆಗೇ.

ನಮ್ಮಲ್ಲಿ ಉತ್ತರಪತ್ರಿಕೆಯ ಗತಿ ಏನಾಗುತ್ತದೆ ಎಂಬುದನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಪರೀಕ್ಷಾರ್ಥಿಗೆ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕಿದೆ ಎಂದು ಮಾಹಿತಿ ಹಕ್ಕು ಕಾಯ್ದೆಯ ಅಡಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2011ರಲ್ಲಿ. ತಾನು ಬರೆದದ್ದನ್ನು ಮತ್ತೊಮ್ಮೆ ನೋಡುವುದಕ್ಕೆ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಬೇಕಾಯಿತು ಎಂಬುದೇ ಒಂದು ಟೀಕೆಯಂತಿದೆ. ಈಗ ಶುಲ್ಕ ಕಟ್ಟಿ ಫೋಟೊಕಾಪಿ ಪಡೆಯಬಹುದು. ಆ ಪ್ರತಿಯಲ್ಲಿ ಇರುವುದೇನು? ಸಾಮಾನ್ಯವಾಗಿ ಪ್ರಶ್ನೆಯ ಪಕ್ಕ ಒಂದು ಅಂಕಿ, ಎಲ್ಲೋ ಒಂದು ಟಿಕ್, ಮುಖಪುಟದ ಕೋಷ್ಟಕದಲ್ಲಿ ಮೊತ್ತ. ಹತ್ತಕ್ಕೆ ಆರು ಯಾಕೆ ಬಂತು, ಉಳಿದ ನಾಲ್ಕು ಯಾವ ಸಾಲಿನಲ್ಲಿ ಕಳೆದುಹೋಯಿತು ಎಂಬುದು ಇರುವುದಿಲ್ಲ. ಹೀಗಿರುವಾಗ ಆ ಪ್ರತಿಯನ್ನು ತರಿಸಿಕೊಳ್ಳುವವರು ಮೊತ್ತದಲ್ಲಿ ತಪ್ಪಿದೆಯೇ, ರೀವ್ಯಾಲ್ಯುಯೇಷನ್‌ಗೆ ಹಾಕಿದರೆ ಎರಡು ಅಂಕ ಏರೀತೇ ಎಂದು ನೋಡುವುದು ಸಹಜ. ಕಲಿಕೆಯ ಚಕ್ರದ ಮೂರನೆಯ ಹಂತ, ಆದದ್ದರ ವಿಮರ್ಶೆ, ಅಲ್ಲಿಗೆ ಒಂದು ಅರ್ಜಿಯಾಗಿ ಕೊನೆಗೊಳ್ಳುತ್ತದೆ.

ಅತ್ಯಂತ ಗಟ್ಟಿಯಾದ ಆಕ್ಷೇಪಣೆ ಇಲ್ಲಿಯೇ ಎದುರಾಗುತ್ತದೆ. ಹೆಸರು ಕಾಣದ ಕೋಡ್ ನಂಬರು, ಹೊರಗಿನ ಪರೀಕ್ಷಕರು, ಮುಚ್ಚಿದ ಮೌಲ್ಯಮಾಪನ ಕೇಂದ್ರ, ಇವೆಲ್ಲ ಸುಮ್ಮನೆ ಹುಟ್ಟಿದ್ದಲ್ಲ. 1857ರಲ್ಲಿ ಕಲ್ಕತ್ತಾ, ಬಾಂಬೆ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಶುರುವಾದಾಗ ಅವುಗಳ ಮಾದರಿ ಲಂಡನ್ ವಿಶ್ವವಿದ್ಯಾಲಯ. ಪಾಠ ಕಾಲೇಜುಗಳದ್ದು, ಪರೀಕ್ಷೆ ಮತ್ತು ಪದವಿ ಮಾತ್ರ ವಿಶ್ವವಿದ್ಯಾಲಯದ್ದು. ಆ ಏರ್ಪಾಡಿನ ದೋಷಗಳು ಎಷ್ಟು ಹಳೆಯವೆಂದರೆ, ಸ್ವಾತಂತ್ರ್ಯ ಬಂದ ಕೂಡಲೇ ಕೂತ ರಾಧಾಕೃಷ್ಣನ್ ಆಯೋಗ, ವಿಶ್ವವಿದ್ಯಾಲಯಗಳಲ್ಲಿ ಒಂದೇ ಒಂದು ಸುಧಾರಣೆ ಸೂಚಿಸಬೇಕೆಂದರೆ ಅದು ಪರೀಕ್ಷೆಯದ್ದೇ ಎಂದಿತ್ತು. ಆದರೂ ಜಾತಿ, ಊರು, ಮನೆತನ ನೋಡಿ ಮಣೆ ಹಾಕುವ ಸಮಾಜದಲ್ಲಿ ಹೆಸರಿಲ್ಲದ ಉತ್ತರಪತ್ರಿಕೆ ಬಲಹೀನರಿಗೆ ಒಂದು ರಕ್ಷಣೆ. ಇದು ಬರೀ ಅನುಮಾನವಲ್ಲ. ರೇಮಾ ಹನ್ನಾ ಮತ್ತು ಲೀ ಲಿಂಡನ್ ಭಾರತದಲ್ಲಿ ಮಾಡಿ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಕ್ಕಳ ಉತ್ತರಪತ್ರಿಕೆಗಳ ಮುಖಪುಟಕ್ಕೆ ಜಾತಿಯನ್ನು ಮನಬಂದಂತೆ ಹಂಚಿ ನಮೂದಿಸಲಾಗಿತ್ತು. ಕೆಳಜಾತಿ ಎಂದು ನಮೂದಾದ ಪತ್ರಿಕೆಗಳಿಗೆ ಶಿಕ್ಷಕರು ಕೊಟ್ಟ ಅಂಕ ಸ್ವಲ್ಪ ಕಡಿಮೆ. ವ್ಯತ್ಯಾಸ ಸಣ್ಣದು, ಆದರೆ ಇತ್ತು. ಹೀಗಿರುವಾಗ ತೀರ್ಮಾನವನ್ನೆಲ್ಲ ತರಗತಿಯ ಮೇಷ್ಟ್ರಿಗೆ ಬಿಟ್ಟುಬಿಡಿ ಎನ್ನುವುದು ಅಪಾಯದ ಸಲಹೆ. ಹೊರಗಿನ ಪರೀಕ್ಷೆಯೂ ಹೇಳಿಕೊಳ್ಳುವಷ್ಟು ನಿಷ್ಕಳಂಕವೇನಲ್ಲ. ಫಿಲಿಪ್ ಹಾರ್ಟಾಗ್ ಮತ್ತು ರೋಡ್ಸ್ ಇಂಗ್ಲೆಂಡಿನಲ್ಲಿ 1935ರಲ್ಲಿ ವರದಿ ಮಾಡಿದಂತೆ, ಇತಿಹಾಸದ ಉತ್ತರಪತ್ರಿಕೆಗಳನ್ನು ಅದೇ ಪರೀಕ್ಷಕರಿಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬಿಟ್ಟು ಮತ್ತೆ ಕೊಟ್ಟಾಗ, 210 ತೀರ್ಪುಗಳಲ್ಲಿ 92 ಬದಲಾಗಿದ್ದವು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಹೊಳೆಯುವುದು ಇಷ್ಟು: ಪದವಿ ಕೊಡುವ ತೀರ್ಮಾನ ಬೇರೆ, ಕಲಿಯಲು ಬೇಕಾದ ತೀರ್ಮಾನ ಬೇರೆ. ಮೊದಲನೆಯದು ಹೆಸರು ಮುಚ್ಚಿಕೊಂಡೇ ನಡೆಯಲಿ. ಎರಡನೆಯದರಲ್ಲಿ ಮಾತ್ರ ಅಂಕದ ಕಾಟ ಇರಬಾರದು.

ಅದಕ್ಕೇ ಇಂಟರ್ನಲ್ಸ್ ತಂದದ್ದಲ್ಲವೇ ಎಂದು ಕೇಳಬಹುದು. ಕಾಗದದ ಮೇಲೆ ಹೌದು. ನಡೆಯುವುದು ಮಾತ್ರ ಸೆಮಿಸ್ಟರ್ ಕೊನೆಯ ಪರೀಕ್ಷೆಯ ಪುಟ್ಟ ನಕಲುಗಳು, ಅದೇ ಪ್ರಶ್ನೆಗಳ ತಾಲೀಮು, ಒಬ್ಬರದ್ದು ನೋಡಿ ಇನ್ನೊಬ್ಬರು ಇಳಿಸಿದ ಅಸೈನ್‌ಮೆಂಟ್. ಪ್ರತಿ ಇಂಟರ್ನಲ್ಲೂ ಅಂತಿಮ ಅಂಕಕ್ಕೆ ಸೇರುವುದರಿಂದ ತಪ್ಪು ಮಾಡಿ ಕಲಿಯುವುದು ನಷ್ಟದ ಬಾಬತ್ತಾಗುತ್ತದೆ. ನಿರಂತರ ಮೌಲ್ಯಮಾಪನ ಎಂಬುದು ಹೀಗೆ ನಿರಂತರ ಅಂಕಗಣನೆಯಾದರೆ ಮೊದಲಿದ್ದ ಒಂದು ಪರೀಕ್ಷೆಯ ಭಯ ಹದಿನಾರು ವಾರಕ್ಕೂ ಹರಡುತ್ತದೆ, ಅಷ್ಟೇ.

ಬೇರೆ ರೀತಿಯಲ್ಲಿ ಮಾಡಲು ಸಾಧ್ಯ ಎಂಬುದಕ್ಕೆ ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ವೈದ್ಯಕೀಯ ಶಾಲೆಯ ಉದಾಹರಣೆ ಚೆನ್ನಾಗಿದೆ. ಸಮಸ್ಯೆಗಳ ಮೂಲಕ ಪಾಠ ನಡೆಸುವ ಈ ಶಾಲೆ ಆರಂಭವಾದ ಕೆಲವೇ ವರ್ಷಗಳಲ್ಲಿ, 1977ರಲ್ಲಿ, ‘ಪ್ರೋಗ್ರೆಸ್ ಟೆಸ್ಟ್’ ಎಂಬುದನ್ನು ತಂದಿತು. ವರ್ಷಕ್ಕೆ ನಾಲ್ಕು ಸಲ ನಡೆಯುವ ಈ ಪರೀಕ್ಷೆಯ ಮೂಲರೂಪದ ವೈಶಿಷ್ಟ್ಯವೆಂದರೆ ಮೊದಲ ವರ್ಷದವರಿಂದ ಆರನೇ ವರ್ಷದವರವರೆಗೆ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಅದೂ ಕೋರ್ಸ್ ಮುಗಿಸಿ ಹೊರಬೀಳುವ ವೈದ್ಯರಿಗೆ ಗೊತ್ತಿರಬೇಕಾದ ಮಟ್ಟದ್ದು. ಇಡೀ ವೈದ್ಯಶಾಸ್ತ್ರದಿಂದ ಆಯ್ದ ಪ್ರಶ್ನೆಗಳಾದ್ದರಿಂದ ಹಿಂದಿನ ವಾರ ಕೂತು ಉರು ಹೊಡೆದರೆ ಏನೂ ಗಿಟ್ಟುವುದಿಲ್ಲ. ‘ಇಂಪಾರ್ಟೆಂಟ್’ ಎಂಬ ಕಟ್ಟು ಕಟ್ಟಲು ಬರುವುದೇ ಇಲ್ಲ. ಮೊದಲ ವರ್ಷದವರಿಗೆ ಬಹುಪಾಲು ಪ್ರಶ್ನೆಗಳು ಗೊತ್ತಿರುತ್ತಿರಲಿಲ್ಲ, ಗೊತ್ತಿರಬೇಕೆಂದು ಯಾರೂ ನಿರೀಕ್ಷಿಸುತ್ತಲೂ ಇರಲಿಲ್ಲ. ಉತ್ತರಗಳ ಸಾಲಿನಲ್ಲಿ ‘ಗೊತ್ತಿಲ್ಲ’ ಎಂಬುದೂ ಒಂದು ಆಯ್ಕೆಯಾಗಿತ್ತು. ತಪ್ಪಿಗೆ ಅಂಕ ಕಳೆಯುತ್ತಿದ್ದರು, ಗೊತ್ತಿಲ್ಲ ಎಂದರೆ ಕಳೆಯುತ್ತಿರಲಿಲ್ಲ. ಪ್ರತಿಯೊಂದು ಪ್ರಶ್ನೆಯ ಮುಂದೆಯೂ ವಿದ್ಯಾರ್ಥಿ ಕೇಳಿಕೊಳ್ಳಬೇಕಾಗಿದ್ದದ್ದು ಎರಡು: ಉತ್ತರ ಏನು, ಮತ್ತು ನನಗೆ ಇದು ನಿಜಕ್ಕೂ ಗೊತ್ತೇ. ಎರಡನೆಯ ಪ್ರಶ್ನೆಯನ್ನು ಪತ್ರಿಕೆಯ ಒಳಗೇ ಇಟ್ಟದ್ದು ಜಾಣತನ. ಮೂರು ತಿಂಗಳಿಗೊಂದು ಬಿಂದು ಸೇರುತ್ತಾ ಆರು ವರ್ಷದ ಏರುಗೆರೆ ತಯಾರಾಗುತ್ತದೆ. ಅಂಗರಚನೆಯಲ್ಲಿ ಗೆರೆ ಏರುತ್ತಿದ್ದು ಔಷಧಶಾಸ್ತ್ರದಲ್ಲಿ ಮಲಗಿದ್ದರೆ ಯಾವ ಕಡೆ ಓದಬೇಕೆಂದು ಯಾರೂ ಹೇಳಬೇಕಾಗಿಲ್ಲ. ಕೆನಡಾದ ಮೆಕ್‌ಮಾಸ್ಟರ್ ಇದಕ್ಕೆ ಬಂದದ್ದು ಎದುರು ದಿಕ್ಕಿನಿಂದ. ಸ್ವಕಲಿಕೆಯ ಮೇಲೆ ಅಪಾರ ನಂಬಿಕೆಯಿಟ್ಟು, ಪರೀಕ್ಷೆಯ ಗೊಡವೆಯನ್ನು ಆದಷ್ಟು ದೂರವಿಟ್ಟಿದ್ದ ಆ ವೈದ್ಯಶಾಲೆ, ಸಣ್ಣ ಗುಂಪುಗಳ ಚರ್ಚೆಯೊಂದರಿಂದಲೇ ವಿದ್ಯಾರ್ಥಿಗಳಿಗೆ ತಮ್ಮ ನಿಲುಗಡೆ ಗೊತ್ತಾಗುವುದಿಲ್ಲ ಎಂದು ಕಂಡುಕೊಂಡು 1990ರ ದಶಕದ ಆರಂಭದಲ್ಲಿ ಪ್ರೋಗ್ರೆಸ್ ಟೆಸ್ಟನ್ನು ತರಿಸಿಕೊಂಡಿತು. ಸ್ವನಿಯಂತ್ರಣಕ್ಕೆ ಹೊರಗಿನ ಅಳತೆಗೋಲೂ ಬೇಕು.

ಅಂಕದ ಭಯ ಇಲ್ಲದಿದ್ದರೆ ಯಾರು ಓದುತ್ತಾರೆ ಎಂಬ ಮಾತಿಗೂ ಸ್ವಲ್ಪ ಉತ್ತರವಿದೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ ಮೊದಲೆರಡು ವರ್ಷಗಳ ಗ್ರೇಡ್ ತೆಗೆದು ಬರೀ ಪಾಸು-ಫೇಲು ಮಾಡಿತು. 2009ರಲ್ಲಿ ಪ್ರಕಟವಾದ ಹೋಲಿಕೆಯ ಪ್ರಕಾರ ಕೋರ್ಸುಗಳಲ್ಲೂ ರಾಷ್ಟ್ರಮಟ್ಟದ ಲೈಸೆನ್ಸ್ ಪರೀಕ್ಷೆಯಲ್ಲೂ ಸಾಧನೆ ಕುಸಿಯಲಿಲ್ಲ, ವಿದ್ಯಾರ್ಥಿಗಳ ಮಾನಸಿಕ ನೆಮ್ಮದಿ ಹೆಚ್ಚಿತು. ಆದರೆ ಇವರು ಸೋಸಿ ಆರಿಸಿದ ವಿದ್ಯಾರ್ಥಿಗಳು, ಮುಂದೆ ಲೈಸೆನ್ಸ್ ಪರೀಕ್ಷೆಯೂ ಕಾದಿತ್ತು. ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನಲ್ಲಿ ನಾಳೆಯೇ ಅಂಕ ರದ್ದು ಮಾಡಲು ಇದು ಸಾಕ್ಷಿಯಾಗಲಾರದು.

ಉಳಿದದ್ದು ಇನ್ನೊಂದು ಅನುಮಾನ: ತಮ್ಮ ಬಗ್ಗೆ ತಾವೇ ತೀರ್ಮಾನಿಸಲು ವಿದ್ಯಾರ್ಥಿಗಳಿಗೆ ಬರುತ್ತದೆಯೇ? ಕಾರ್ನೆಲ್ ವಿಶ್ವವಿದ್ಯಾಲಯದ ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನ್ನಿಂಗ್ 1999ರಲ್ಲಿ ತೋರಿಸಿದ್ದು ಎಲ್ಲರೂ ಕೇಳಿರುವಂಥದ್ದೇ. ಕೊನೆಯ ಕಾಲು ಭಾಗದವರ ನಿಜವಾದ ಸ್ಥಾನ ನೂರರಲ್ಲಿ ಕೆಳಗಿನಿಂದ 12ನೆಯದು, ಅವರು ಅಂದಾಜಿಸಿಕೊಂಡದ್ದು 62ನೆಯದು. ಇದರ ಸಂಖ್ಯಾಶಾಸ್ತ್ರದ ಬಗ್ಗೆ ತಕರಾರುಗಳಿವೆ, ಇರಲಿ. ಇದನ್ನು ಎತ್ತಿ ಹೇಳುವವರು ಅದೇ ಲೇಖನದ ಕೊನೆಯ ಪ್ರಯೋಗವನ್ನು ಮರೆಯುತ್ತಾರೆ: ತರ್ಕದ ಸಮಸ್ಯೆ ಬಿಡಿಸುವುದನ್ನು ಸ್ವಲ್ಪ ಹೊತ್ತು ಹೇಳಿಕೊಟ್ಟ ಮೇಲೆ ಅದೇ ಹಿಂದುಳಿದವರು ತಮ್ಮ ಹಳೆಯ ಉತ್ತರಗಳನ್ನು ಹೆಚ್ಚು ಸರಿಯಾಗಿ ಅಳೆದರು. ತೀರ್ಮಾನಶಕ್ತಿ ಕಲಿಸಿದರೆ ಬರುತ್ತದೆ. ಆಸ್ಟ್ರೇಲಿಯಾದ ರಾಯ್ಸ್ ಸ್ಯಾಡ್ಲರ್ 1989ರಲ್ಲೇ ಇದರ ಷರತ್ತುಗಳನ್ನು ಬರೆದಿಟ್ಟರು: ಒಳ್ಳೆಯ ಕೆಲಸ ಹೇಗಿರುತ್ತದೆ ಎಂಬುದು ಕಲಿಯುವವರಿಗೆ ತಿಳಿದಿರಬೇಕು, ತಮ್ಮದನ್ನು ಅದರ ಪಕ್ಕ ಇಟ್ಟು ಹೋಲಿಸಲು ಬರಬೇಕು, ನಡುವಿನ ಅಂತರ ತುಂಬಲು ಏನಾದರೂ ಮಾಡಲು ಅವಕಾಶವಿರಬೇಕು. ಹೊಸ ಹಾಡುಗಾರರಿಗೆ ಅಪಸ್ವರ ತಾವಾಗಿ ಕೇಳಿಸತೊಡಗುವುದು ಬೇರೆಯವರ ಹಾಡಿಕೆಯನ್ನು ಸಾಕಷ್ಟು ಕೇಳಿದ ಮೇಲೆ, ಬರವಣಿಗೆಯಲ್ಲೂ ಹಾಗೇ. ಕ್ವಾಂಗ್ಸು ಚೋ ಮತ್ತು ಚಾರ್ಲ್ಸ್ ಮೆಕಾರ್ಥರ್ 2011ರಲ್ಲಿ ಪದವಿ ವಿದ್ಯಾರ್ಥಿಗಳ ಬಗ್ಗೆ ವರದಿ ಮಾಡಿದ ಪ್ರಯೋಗದಲ್ಲಿ ಸಹಪಾಠಿಗಳ ಲೇಖನಗಳನ್ನು ವಿಮರ್ಶಿಸಿದವರು, ಅವನ್ನು ಸುಮ್ಮನೆ ಓದಿದವರಿಗಿಂತ ಒಳ್ಳೆಯ ಲೇಖನ ಬರೆದರು.

ಅರವತ್ತು ಜನರ ತರಗತಿಯಲ್ಲಿ ಎಲ್ಲರಿಗೂ ಟಿಪ್ಪಣಿ ಬರೆಯಲು ಯಾವ ಅಧ್ಯಾಪಕರಿಗೆ ಪುರಸೊತ್ತಿದೆ ಎಂಬ ಪ್ರಶ್ನೆಗೆ ದಾರಿ ಇರುವುದು ಈ ಕೊನೆಯ ಪ್ರಯೋಗದಲ್ಲಿ. ಟಿಪ್ಪಣಿಯನ್ನು ಅಧ್ಯಾಪಕರೇ ಬರೆಯಬೇಕಾಗಿಲ್ಲ. ಮೌಲ್ಯಮಾಪಕರಿಗೆ ಕೊಡುವ ‘ಸ್ಕೀಮ್ ಆಫ್ ವ್ಯಾಲ್ಯುಯೇಷನ್’ ಎಂಬ ಹಾಳೆ ಪ್ರತಿ ಪತ್ರಿಕೆಗೂ ತಯಾರಾಗುತ್ತದೆ: ಚಿತ್ರಕ್ಕೆ ಎರಡು, ಸೂತ್ರಕ್ಕೆ ಎರಡು, ವಿವರಣೆಗೆ ನಾಲ್ಕು. ಹೆಸರು ಮರೆಮಾಚಿದ ಎರಡು ಹಳೆಯ ಉತ್ತರಗಳನ್ನೂ ಈ ಹಾಳೆಯನ್ನೂ ತರಗತಿಗೆ ಕೊಟ್ಟು ಅಂಕ ಹಾಕಿಸಬಹುದು. ಆಮೇಲೆ ಇಂಟರ್ನಲ್ಸ್ ಬರೆದ ತಮ್ಮದೇ ಬ್ಲೂ ಬುಕ್ಕಿನ ಉತ್ತರಕ್ಕೆ, ಅಧ್ಯಾಪಕರ ಅಂಕ ಗೊತ್ತಾಗುವ ಮುನ್ನ, ಅವರೇ ಹಾಕಿಕೊಳ್ಳಲಿ. ಇದಕ್ಕೆ ಬೇಕಾದದ್ದು ಒಂದೆರಡು ಪೀರಿಯಡ್. ಬ್ರಿಟನ್ನಿನ ಹ್ಯಾರಿ ಟೊರೆನ್ಸ್ 2007ರಲ್ಲಿ ಇದಕ್ಕೂ ಒಂದು ಎಚ್ಚರಿಕೆ ಕೊಟ್ಟಿದ್ದಾರೆ. ಮಾನದಂಡಗಳನ್ನು ತೀರಾ ಬಿಡಿಸಿ ಕೈಗಿಟ್ಟರೆ ಕಲಿಕೆ ಹೋಗಿ ಅವುಗಳಿಗೆ ಟಿಕ್ ಹಾಕಿಸಿಕೊಳ್ಳುವುದೇ ಕೆಲಸವಾಗುತ್ತದೆ, ಮತ್ತು ಎಡಿನ್‌ಬರೊದ ಸುಳಿವು ಹುಡುಕುವವರು ಎಲ್ಲ ಕಾಲದಲ್ಲೂ ಇದ್ದಾರೆ. ಚಿತ್ರಕ್ಕೆ ಎರಡು ಅಂಕ ಎಂದು ಗೊತ್ತಾದ ಕೂಡಲೇ ಅರ್ಥವಿಲ್ಲದ ಚಿತ್ರಗಳು ಬರತೊಡಗುತ್ತವೆ. ಹಾಗಾಗಿ ಹಾಳೆಯನ್ನು ಮೊದಲು ಹಂಚುವುದಕ್ಕಿಂತ, ಎರಡು ಉತ್ತರಗಳನ್ನು ಮೊದಲು ಓದಿಸಿ, ಯಾವುದು ಮೇಲು, ಯಾಕೆ ಮೇಲು ಎಂದು ವಾದ ಹಚ್ಚಿ, ಅಂಕ ಹಂಚುವ ಹಾಳೆಯನ್ನು ತರಗತಿಯೇ ಬರೆಯುವಂತೆ ಮಾಡಿ, ಆಮೇಲೆ ವಿಶ್ವವಿದ್ಯಾಲಯದ್ದನ್ನು ತೆಗೆದು ತೋರಿಸುವುದು ಉತ್ತಮ. ಎರಡೂ ಹಾಳೆ ಹೊಂದದ ಕಡೆ ಕೆಲವೊಮ್ಮೆ ವಿದ್ಯಾರ್ಥಿಗಳದ್ದೇ ಹೆಚ್ಚು ಸರಿಯಾಗಿರುವುದೂ ಉಂಟು.